ಕಿಟ್ಲಿ ಕುದಿಯುವ ತನಕ

ಈ ಕೆಲಸಕ್ಕೆ ಹೊಸದಾಗಿ ಕೈ ಹಾಕುವವರಿಗೆ ಮೊದಲೇ ಹೇಳಿಬಿಡುತ್ತೇನೆ: ಮೀಟರ್ ರಿಪೇರಿ ಮಾಡುವವನಿಗೆ ಯಾರೂ ಹಾರ ಹಾಕುವುದಿಲ್ಲ. ಎಂಜಿನ್ ಕಟ್ಟುವ ಮೇಸ್ತ್ರಿಗೆ ಮರ್ಯಾದೆ ಇದೆ, ಬಾಡಿ ಕಟ್ಟುವವನಿಗೆ ಇದೆ, ಲಾರಿಯ ಹಿಂದೆ ಹೂವು ಹಕ್ಕಿ ಬರೆಯುವವನಿಗೂ ಇದೆ. ನಾವು ಮಾತ್ರ ಡ್ಯಾಶ್‌ಬೋರ್ಡಿನ ಕೆಳಗೆ ಅಂಗಾತ ಮಲಗಿ, ಬಾಯಲ್ಲಿ ಸ್ಕ್ರೂ ಕಚ್ಚಿಕೊಂಡು, ಡ್ರೈವರನ ಚಪ್ಪಲಿಯ ಧೂಳು ತಿನ್ನುವವರು. ಬೆಳಗಾವಿಯ ಆಟೋ ನಗರದಲ್ಲಿ ನಾನು ನಲವತ್ತು ವರ್ಷ ಆ ಧೂಳು ತಿಂದೆ. ನನ್ನ ಹೆಸರು ಈರಪ್ಪ. ಬರೀ ಈರಪ್ಪ ಎಂದು ಕೇಳಿದರೆ ಅಲ್ಲಿ ಯಾರೂ ದಾರಿ ತೋರಿಸುವುದಿಲ್ಲ, ಮೀಟರ್ ಈರಪ್ಪ ಎಂದು ಕೇಳಬೇಕು. ಈಗ ಶಟರ್ ಇಳಿಸಿ ಪೀರನವಾಡಿಯ ಮನೆಯಲ್ಲಿ ಕೂತಿದ್ದೇನೆ. ಕೈ ಸುಮ್ಮನಿರದ್ದಕ್ಕೆ ಇದನ್ನು ಬರೆಯುತ್ತಿದ್ದೇನೆ.

ಕೆಲಸ ಕಲಿಸಿದವರು ದಸ್ತಗೀರ್ ಉಸ್ತಾದರು. ಅವರ ಅಂಗಡಿ ಎಂದರೆ ಒಂದು ತಗಡಿನ ಶೆಡ್ಡು, ಒಂದು ಬೆಂಚು, ಒಂದು ಲಾರಿ ಬ್ಯಾಟರಿ, ಒಂದು ಸ್ಟೋವು, ಅದರ ಮೇಲೆ ಮಸಿ ಹಿಡಿದ ಒಂದು ಕಿಟ್ಲಿ. ಹೊಸಬರು ಅದು ಚಹಾದ ಕಿಟ್ಲಿ ಎಂದುಕೊಂಡು ಆಸೆಯಿಂದ ನೋಡುತ್ತಿದ್ದರು. ಚಹಾದ ಕಿಟ್ಲಿ ಬೇರೆ ಇತ್ತು. ಇದು ಪರೀಕ್ಷೆಯ ಕಿಟ್ಲಿ. ಎಂಜಿನ್ನಿನ ನೀರು ಎಷ್ಟು ಬಿಸಿಯಾಗಿದೆ ಎಂದು ತೋರಿಸುವ ಮೀಟರ್ ಇರುತ್ತದಲ್ಲ, ಅದಕ್ಕೆ ಸುದ್ದಿ ಮುಟ್ಟಿಸಲು ಎಂಜಿನ್ನಿನೊಳಗೆ ಹೆಬ್ಬೆರಳಷ್ಟು ದಪ್ಪದ ಒಂದು ಹಿತ್ತಾಳೆ ಸೆನ್ಸರ್ ಇರುತ್ತದೆ. ಉಸ್ತಾದರು ಅದನ್ನು ಬಿಚ್ಚಿ, ವೈರು ಕೂಡಿಸಿ, ತಣ್ಣೀರು ತುಂಬಿದ ಕಿಟ್ಲಿಯೊಳಗೆ ಇಳಿಬಿಟ್ಟು ಸ್ಟೋವು ಹಚ್ಚುತ್ತಿದ್ದರು. ನೀರು ಕುದಿಯುವ ತನಕ ಅಂಗಡಿಯಲ್ಲಿ ಯಾರೂ ಮಾತಾಡುವಂತಿರಲಿಲ್ಲ. ಗಿರಾಕಿ ಎಷ್ಟೇ ದೊಡ್ಡ ಮನುಷ್ಯನಾಗಿರಲಿ, ಬೆಂಚಿನ ಮೇಲೆ ಕೂತು ಮೀಟರಿನ ಮುಳ್ಳು ನೋಡಲೇಬೇಕು.

ನಾನು ಮೊದಲ ಸಲ ನೋಡಿದ್ದು ಇನ್ನೂ ಕಣ್ಣಲ್ಲಿದೆ. ನೀರು ಬೆಚ್ಚಗಾಯಿತು, ಮುಳ್ಳು ಅಲುಗಲಿಲ್ಲ. ಕಿಟ್ಲಿಯ ತಳದಲ್ಲಿ ಸಣ್ಣ ಗುಳ್ಳೆ ಎದ್ದವು, ಮುಳ್ಳು ಕೂದಲೆಳೆಯಷ್ಟು ಸರಿಯಿತು. ಆಮೇಲೆ ಅದು ಮೆಲ್ಲಗೆ ಏರಿತು. ನಡುವೆ ಒಮ್ಮೆ ತಡೆಯಿತು, ಮತ್ತೆ ಏರಿತು. ಕಿಟ್ಲಿಯ ಒಳಗೆ ನಡೆಯುತ್ತಿರುವುದನ್ನು ಎರಡು ಮಾರು ದೂರದ ಗಾಜಿನೊಳಗಿನ ತಗಡಿನ ಚೂರು ಹೇಗೆ ಬಲ್ಲದು? ನನಗೆ ಮೈ ಜುಮ್ಮೆಂದಿತು. ನಲವತ್ತು ವರ್ಷವಾದರೂ ಆ ಬೆರಗು ಪೂರ್ತಿ ಇಳಿದಿಲ್ಲ, ಇಳಿಯಬಾರದು ಎಂದೇ ನನ್ನ ಅಭಿಪ್ರಾಯ.

“ಬೇಟಾ,” ಎಂದರು ಉಸ್ತಾದರು, “ಮುಳ್ಳ ಎಲ್ಲಿ ನಿಂತೈತಿ ಅಂತ ನೋಡಬ್ಯಾಡ. ಅಲ್ಲಿಗಿ ಹೆಂಗ ಬಂತು ಅದನ್ನ ನೋಡು.”

ಆಗ ತಲೆಯಾಡಿಸಿದೆ, ಆದರೆ ಮಾತು ತಲೆಗೆ ಇಳಿಯಲಿಲ್ಲ. ಇಳಿದಿದ್ದರೆ ಮದುವೆ ಟೆಂಪೋದ ಪ್ರಸಂಗ ನಡೆಯುತ್ತಿರಲಿಲ್ಲ. ಖಾನಾಪುರಕ್ಕೆ ಬೀಗರನ್ನು ಹೊತ್ತು ಹೋಗಬೇಕಿದ್ದ ಟೆಂಪೋ. ಅದರ ಡೀಸೆಲ್ ಟಾಕಿಯೊಳಗಿನ ತೇಲುವ ಬುರುಡೆಯನ್ನು ನಾನು ತಲೆಕೆಳಗಾಗಿ ಕೂರಿಸಿಬಿಟ್ಟಿದ್ದೆ. ಮುಳ್ಳು ‘ಫುಲ್’ ಎಂದು ತೋರಿಸಿತು, ನಾನು ಖುಷಿಪಟ್ಟು ಕಳಿಸಿದೆ. ಟಾಕಿ ಖಾಲಿ ಇದ್ದದ್ದಕ್ಕೇ ಅದು ಫುಲ್ ತೋರಿಸುತ್ತಿತ್ತು. ಪೀರನವಾಡಿ ದಾಟುವಷ್ಟರಲ್ಲಿ ಗಾಡಿ ನಿಂತಿತು. ರೇಷ್ಮೆ ಸೀರೆಯವರೆಲ್ಲ ಇಳಿದು ಬೇವಿನ ನೆರಳು ಹುಡುಕಿದರು, ಗಂಡಸರು ಟೆಂಪೋ ತಳ್ಳಿದರು. ಮದುಮಗಳ ಸೋದರಮಾವ ಪೇಟಾ ಸಮೇತ ಯಾರದೋ ಸ್ಕೂಟರಿನ ಹಿಂದೆ ಕೂತು ನಮ್ಮ ಅಂಗಡಿಗೆ ಬಂದ. ಅವನು ಬೈದದ್ದನ್ನು ಇಲ್ಲಿ ಬರೆಯಲಾಗುವುದಿಲ್ಲ, ನನ್ನ ಸೊಸೆ ಓದುತ್ತಾಳೆ.

ಉಸ್ತಾದರು ಬೈಯಲಿಲ್ಲ. ಅವನು ಹೋದ ಮೇಲೆ ಬೀಡಿ ಹಚ್ಚಿ ಇಷ್ಟೇ ಹೇಳಿದರು: “ಮೀಟರ್ ಕೆಟ್ಟಿದ್ರ ಡ್ರೈವರ್ ಕಿವಿ ತೆರದ ಗಾಡಿ ಹೊಡಿತಾನು. ಮೀಟರ್ ಸುಳ್ಳ ಹೇಳಿದ್ರ ಕಣ್ಣ ಮುಚ್ಚಿ ಹೊಡಿತಾನು. ಯಾವುದ ಛಲೋ, ನೀನ ವಿಚಾರ ಮಾಡು.”

ಆಮೇಲೆ ಕಾಲ ಬದಲಾಯಿತು. ಗೇರ್‌ಬಾಕ್ಸಿನಿಂದ ಬರುತ್ತಿದ್ದ ಕೇಬಲ್ ಹೋಯಿತು, ವೈರು ಬಂತು. ವೈರು ಹೋಗಿ ಕಂಪ್ಯೂಟರ್ ಬಂತು. ಈಗಿನ ಕಾರುಗಳಲ್ಲಿ ಮುಳ್ಳೂ ಪರದೆಯ ಮೇಲಿನ ಚಿತ್ರ. ಸ್ಕ್ಯಾನರ್ ಚುಚ್ಚಿದರೆ ರೋಗದ ಹೆಸರನ್ನು ಅದೇ ಬರೆದು ತೋರಿಸುತ್ತದೆ. ನಾನು ಸ್ಕ್ಯಾನರಿನ ವೈರಿಯಲ್ಲ, ಒಂದನ್ನು ಇಟ್ಟುಕೊಂಡಿದ್ದೆ ಕೂಡ. ಉಸ್ತಾದರು ತೀರಿಕೊಂಡ ಮೇಲೆ ಅವರ ಮಸಿ ಕಿಟ್ಲಿಯೂ ನನ್ನ ಬೆಂಚಿಗೇ ಬಂತು. ಪರೀಕ್ಷೆಯ ಪದ್ಧತಿಯನ್ನು ನಾನು ತಪ್ಪಿಸಲಿಲ್ಲ. ಒಂದೇ ಒಂದು ಸಲ ತಪ್ಪಿಸಿದೆ. ಅದನ್ನು ಹೇಳುವುದಕ್ಕೇ ಇಷ್ಟು ಪೀಠಿಕೆ.

ಶಟರ್ ಇಳಿಸಲು ನಾಲ್ಕೈದು ತಿಂಗಳಿದ್ದಾಗ ಖಾನಾಪುರದ ಹಂಚಿನ ಕಾರ್ಖಾನೆಯ ವಸಂತರಾವ್ ಸಾಹುಕಾರರಿಂದ ಕರೆ ಬಂತು. ಅವರ ಲಾರಿಗಳ ಮೀಟರ್ ನಾನೇ ನೋಡುತ್ತಿದ್ದವನು, ಹಾಗಾಗಿ ಲಾರಿಯದೇ ಕೆಲಸ ಎಂದು ಪೆಟ್ಟಿಗೆ ಹಿಡಿದು ಹೋದೆ. ಕಾರ್ಖಾನೆಯ ಗೇಟು ದಾಟಿದವನು ಅಲ್ಲೇ ನಿಂತೆ. ಸುತ್ತ ಕೆಂಪು ಹಂಚಿನ ಸಾಲು, ಮಣ್ಣಿನ ಗುಡ್ಡೆ, ಭಟ್ಟಿಯ ಚಿಮಣಿ. ನಡುವೆ, ಹಂಚು ಒಣಗಿಸುವ ಮಾಡಿನ ಪಕ್ಕ, ಕಬ್ಬಿಣದ ಆಸರೆಗಳ ಮೇಲೆ ಒಂದು ಬಿಳಿಯ ಹಾಯಿದೋಣಿ ನಿಂತಿತ್ತು. ಮಳೆಗಾಲದಲ್ಲಿ ಗೋವಾದ ನೀರಿನಲ್ಲಿ ಬಿಟ್ಟರೆ ಹಾಳಾಗುತ್ತದೆ ಎಂದು ಸಾಹುಕಾರರು ಅದನ್ನು ಲಾರಿಯ ಮೇಲೆ ಘಾಟಿ ಹತ್ತಿಸಿ ತಂದಿದ್ದರು. ಹಡಗು ನಾನು ಕ್ಯಾಲೆಂಡರಿನಲ್ಲಿ ನೋಡಿದ್ದೆ. ಅದಕ್ಕೆ ನೀರಿನ ಕೆಳಗೆ ಇಷ್ಟು ದೊಡ್ಡ ಹೊಟ್ಟೆ, ಆ ಹೊಟ್ಟೆಯ ಕೆಳಗೆ ಆಳೆತ್ತರದ ರೆಕ್ಕೆ ಇರುತ್ತದೆಂದು ಗೊತ್ತಿರಲಿಲ್ಲ. ಅದರ ಕೆಳಗೆ ನಿಂತು ಕತ್ತೆತ್ತಿ ನೋಡಿದೆ. ಚಪ್ಪಲಿ ಬಿಟ್ಟು ಮೇಲೆ ಹತ್ತಬೇಕೇನೋ ಅನ್ನಿಸಿ, ಖರೇ ಹೇಳುತ್ತೇನೆ, ಬಿಟ್ಟೇ ಹತ್ತಿದೆ.

ಸಾಹುಕಾರರಿಗೆ ಎಪ್ಪತ್ತರ ಹತ್ತಿರ. ಮಣ್ಣು ಅರೆಯುವ ಯಂತ್ರದ ಬಾಜು ಜೀವಮಾನವೆಲ್ಲ ನಿಂತು ಅವರ ಕಿವಿ ಹೋಗಿತ್ತು. ನೆಲದ ಮೇಲೆ ಕಿವಿಯ ಯಂತ್ರ ಹಾಕಿಕೊಳ್ಳುತ್ತಿದ್ದರು. ಸಮುದ್ರದ ಮೇಲೆ ಅದು ಗಾಳಿಯ ಭೋರ್ಗರೆತವನ್ನಷ್ಟೇ ಕೇಳಿಸುತ್ತದೆಂದು ತೆಗೆದಿಡುತ್ತಿದ್ದರು.

“ಈರಪ್ಪಾ, ಇಲ್ಲಿ ಕುಂದರು,” ಎಂದು ಚುಕ್ಕಾಣಿಯ ಹತ್ತಿರ ನನ್ನನ್ನು ಕೂರಿಸಿದರು. ಕಿವಿ ಕೇಳದವರ ದೊಡ್ಡ ದನಿ ಅವರದು. “ಈಗ ಮೀಟರ್ ಎಲ್ಲೈತಿ ಹೇಳು.”

ಹುಡುಕಿದೆ. ನನ್ನ ಮೊಣಕಾಲಿನ ಕೆಳಗೆ, ಸೀಟಿನ ಬದಿಯಲ್ಲಿ, ಬಿಸಿಲಿಗೆ ಮಬ್ಬಾದ ಪ್ಲಾಸ್ಟಿಕ್ಕಿನ ಹಿಂದೆ ಎರಡು ಮೀಟರ್ ಇದ್ದವು. ಒಂದು ಎಂಜಿನ್ನಿನ ನೀರಿನ ಬಿಸಿ ತೋರಿಸುವುದು, ಇನ್ನೊಂದು ಆಯಿಲ್ ಪ್ರೆಷರಿನದು. ಹಾಯಿದೋಣಿಗೆ ಎಂಜಿನ್ ಯಾಕೆ ಎಂದು ಕೇಳಿಯೇಬಿಟ್ಟೆ. ನದಿಯ ಬಾಯಿಂದ ಹೊರಗೆ ಹೋಗಲು, ಒಳಗೆ ಬರಲು, ಗಾಳಿ ಬಿದ್ದಾಗ ದಡ ಮುಟ್ಟಲು ಸಣ್ಣ ಡೀಸೆಲ್ ಎಂಜಿನ್ ಬೇಕೇ ಬೇಕಂತೆ. ಹಿಂದಿನ ವರ್ಷ ಅದು ಕಾದು ಕೆಂಡವಾಗಿತ್ತು. ಅಪಾಯದ ಬಜರ್ ಬಡಕೊಂಡಿದೆ, ಇವರಿಗೆ ಕೇಳಿಲ್ಲ. ಮುಳ್ಳು ಕೆಂಪು ಗೆರೆಗೆ ಹೋಗಿದೆ, ಕಾಲ ಬಳಿಯ ಮುಳ್ಳು ಇವರಿಗೆ ಕಂಡಿಲ್ಲ. ಎಂಜಿನ್ ನಿಂತು ದೋಣಿ ಬಂಡೆಗಳ ಕಡೆ ತೇಲಿತ್ತು. ಮೀನುಗಾರರು ಎಳೆದು ತಂದದ್ದಕ್ಕೆ ಸಾಹುಕಾರರು ಉಳಿದಿದ್ದರು.

ಅಷ್ಟರಲ್ಲಿ ಕೆಳಗಿನಿಂದ ಸಾಹುಕಾರರ ಹೆಂಡತಿ ಸುಮತಿಬಾಯಿಯವರ ದನಿ ಬಂತು. ಅತ್ತಿಗೆ ಎಂಬ ಅರ್ಥದಲ್ಲಿ ಎಲ್ಲರೂ ಅವರನ್ನು ವೈನಿ ಎನ್ನುತ್ತಾರೆ, ನಾನೂ ಹಾಗೇ ಕರೆಯುತ್ತಿದ್ದೆ.

“ಈರಪ್ಪನವರ, ನಾ ಇವರಿಗೆ ಖಡಾಖಡಿ ಹೇಳೀನಿ. ಮೀಟರ್ ಇವರ ಕಣ್ಣಿಗೆ ಬೀಳೂ ಹಂಗಾದ್ರ ಬೋಟ್ ಇರತೈತಿ. ಇಲ್ಲಂದ್ರ ದೀಪಾವಳಿ ಒಳಗ ಮಾರೂದು. ತಗೊಳ್ಳಾವರು ನೋಡ್ಕೊಂಡ ಹೋಗ್ಯಾರ.”

ಸಾಹುಕಾರರು ಅದನ್ನು ಕೇಳಿಸಿಕೊಳ್ಳದವರಂತೆ ಹಾಯಿಯ ಕಂಬದ ಕಡೆ ನೋಡುತ್ತಿದ್ದರು. ಕೇಳಿಸಿತ್ತು ಎಂದು ಅವರ ಮುಖ ಹೇಳುತ್ತಿತ್ತು. ಯಂತ್ರದ ಸದ್ದು ಕಿವಿ ತೆಗೆದುಕೊಂಡು ಹೋದ ಮೇಲೆ ಆ ಮನುಷ್ಯನಿಗೆ ಉಳಿದಿದ್ದ ಸುಖ ಇದೊಂದೇ ಎಂದು ನನಗೆ ಆಗಲೇ ಗೊತ್ತಾಯಿತು. ಅದು ಹೋಗಬಾರದು ಎಂದು ಮನಸ್ಸಿನಲ್ಲೇ ಹಟ ಹಿಡಿದೆ.

ಮೀಟರ್ ಎಲ್ಲಿಡುವುದು? ಚುಕ್ಕಾಣಿ ಹಿಡಿದವನ ಎದುರಿಗೆ ಕ್ಯಾಬಿನ್ನಿನ ಗೋಡೆ ಇತ್ತು, ನಡುವೆ ಒಳಗಿಳಿಯುವ ಸಣ್ಣ ಬಾಗಿಲು. ಬಾಗಿಲಿನ ಎಡಕ್ಕೆ ಜಾಗ ಚೆನ್ನಾಗಿತ್ತು. ರಟ್ಟು ಕತ್ತರಿಸಿ ಗುರುತು ಮಾಡಿ, ಹೊಸ ಮೀಟರನ್ನು ಅಲ್ಲಿ ಹಿಡಿದು ನೋಡುತ್ತಿದ್ದೆ. ಸಾಹುಕಾರರು ನನ್ನ ರಟ್ಟೆ ಹಿಡಿದು ತಡೆದರು. “ಅಲ್ಲಿ ಬ್ಯಾಡ. ಬಾಜೂಕ ನೋಡು.” ಬಾಜುವಿನಲ್ಲಿ ದಿಕ್ಸೂಚಿ ಇತ್ತು, ಗಾಜಿನ ಗುಂಡಿನೊಳಗೆ ತೇಲುವ ಚಕ್ರ. ನಾನು ಮೀಟರ್ ಹತ್ತಿರ ತಂದಂತೆಲ್ಲ ಅದು ತಿರುಗುತ್ತಿತ್ತು, ದೂರ ಒಯ್ದಂತೆ ಮರಳುತ್ತಿತ್ತು. ಮೀಟರಿನೊಳಗಿನ ಗೋಲಿಯಷ್ಟು ಅಯಸ್ಕಾಂತ ಉತ್ತರ ದಿಕ್ಕನ್ನೇ ಜಗ್ಗಿ ಎಳೆಯುತ್ತಿತ್ತು! ಲಾರಿಯಲ್ಲಿ ಇಂಥ ಪ್ರಶ್ನೆಯೇ ಬರುವುದಿಲ್ಲ, ದಾರಿ ತಪ್ಪಿದರೆ ಚಹಾದಂಗಡಿಯಲ್ಲಿ ಕೇಳಿದರಾಯಿತು. ಮೂರು ನಾಲ್ಕು ಸಲ ಹತ್ತಿರ ತಂದು ದೂರ ಒಯ್ದು ಆಟವಾಡಿದೆ. ಸಾಹುಕಾರರೂ ನಗುತ್ತ ನೋಡಿದರು. ಕೊನೆಗೆ ಬಾಗಿಲಿನ ಬಲಕ್ಕೆ, ದಿಕ್ಸೂಚಿ ಅಲುಗದಷ್ಟು ದೂರದಲ್ಲಿ ಜಾಗ ಗೊತ್ತು ಮಾಡಿದೆವು.

ಮೂರು ದಿನದ ಕೆಲಸ. ಗೋಡೆ ಕೊರೆಯುವ ಮೊದಲು ಮೂರು ಸಲ ಅಳೆದೆ, ಫೈಬರಿನಲ್ಲಿ ಒಮ್ಮೆ ತೂತು ಬಿದ್ದರೆ ಬಿದ್ದಂತೆಯೇ. ತೂತು ಸರಿಯಾಗಿಯೇ ಬಿತ್ತು. ಸೆನ್ಸರುಗಳು ಎಂಜಿನ್ನಿನಲ್ಲೇ ಇದ್ದವು, ಅವುಗಳ ವೈರನ್ನು ಉದ್ದ ಮಾಡಿ ಹೊಸ ಜಾಗಕ್ಕೆ ತಂದೆ. ಕರೆಂಟು ವಾಪಸು ಹೋಗುವ ಹಳೆಯ ಕಪ್ಪು ವೈರು ಮಾತ್ರ ಉಪ್ಪು ಹತ್ತಿ ಹಸಿರಾಗಿ ಪುಡಿಯಾಗಿತ್ತು. ಅದನ್ನು ಕತ್ತರಿಸಿ ಎಸೆದೆ. ಹೊಸ ಮೀಟರಿನ ಹಿಂದೆಯೇ, ಗೋಡೆಯ ಒಳಮೈಯಲ್ಲಿ, ಹೊರಗಿನ ಸ್ಟೀಲ್ ಹಿಡಿಕೆಯ ಬೋಲ್ಟಿನ ತುದಿ ಫಳಫಳ ಹೊಳೆಯುತ್ತ ನನ್ನನ್ನೇ ಕರೆಯುತ್ತಿತ್ತು. ನಲವತ್ತು ವರ್ಷ ನಾವು ಮಾಡಿದ್ದು ಅದನ್ನೇ ಅಲ್ಲವೇ? ಲಾರಿಯಲ್ಲಿ ಕಪ್ಪು ವೈರನ್ನು ಹತ್ತಿರದ ಯಾವ ಬೋಲ್ಟಿಗೆ ಕಟ್ಟಿದರೂ ನಡೆಯುತ್ತದೆ, ಇಡೀ ಬಾಡಿಯೇ ಅರ್ಥಿಂಗು. ಇಲ್ಲೂ ಕಣ್ಣು ಮುಚ್ಚಿ ಅದಕ್ಕೇ ಕಟ್ಟಿದೆ. ಬಜರನ್ನೂ ಬಿಚ್ಚಿ ತೆಗೆದೆ. “ಅದು ನನಗ ಕೇಳಂಗಿಲ್ಲ, ಯಾಕ ಸುಮ್ನ?” ಎಂದಿದ್ದರು ಸಾಹುಕಾರರು.

ಮೂರನೆಯ ದಿನ ಮಧ್ಯಾಹ್ನವೇ ದೋಣಿ ಒಯ್ಯುವ ಕ್ರೇನು, ಲಾರಿ ಗೇಟಿಗೆ ಬಂದು ನಿಂತಿದ್ದವು. ಸಾಹುಕಾರರು ತಂಪಿಗೆ ಡ್ರಮ್ಮಿನ ನೀರು ಕೊಟ್ಟು ಆಗಲೇ ಎಂಜಿನ್ ಓಡಿಸುತ್ತಿದ್ದರು. ಓಡುವ ಎಂಜಿನ್ನಿನ ಮೇಲೆಯೇ ಕೊನೆಯ ವೈರು ಕೂಡಿಸಿದೆ. ಎರಡೂ ಮುಳ್ಳು ಟಪ್ಪನೆ ಎದ್ದು ನಡುವೆ ನಿಂತವು. ಸಾಹುಕಾರರು ಚುಕ್ಕಾಣಿಯ ಹತ್ತಿರ ಕೂತು, ಕತ್ತು ಬಗ್ಗಿಸದೆ, ನೇರ ನೋಡಿ ಚಪ್ಪಾಳೆ ತಟ್ಟಿದರು. ಕಿಟ್ಲಿ ನನ್ನ ಪೆಟ್ಟಿಗೆಯಲ್ಲೇ ಇತ್ತು. ಸೆನ್ಸರ್ ಮುಟ್ಟಿಯೇ ಇಲ್ಲ, ಮತ್ತೇಕೆ ಪರೀಕ್ಷೆ ಎಂದುಕೊಂಡೆ. ನಿಜವಾದ ಕಾರಣ ಬೇರೆ. ನನ್ನನ್ನೂ ದೋಣಿಯಲ್ಲಿ ಕರೆದೊಯ್ಯುವುದಾಗಿ ಹೇಳಿದ್ದರು. ಸಮುದ್ರವನ್ನು ನಾನು ಪ್ಯಾಂಟು ಮಡಚಿ ದಡದಲ್ಲಿ ನಿಂತು ನೋಡಿದವನೇ ಹೊರತು ಅದರ ಮೇಲೆ ಹೋದವನಲ್ಲ. ಮನಸ್ಸು ಆಗಲೇ ಘಾಟಿ ಇಳಿದಿತ್ತು. ಆತುರಗಾರನಿಗೆ ಬುದ್ಧಿ ಮಟ್ಟ ಎನ್ನುತ್ತಾರಲ್ಲ, ಅದು ನನಗೇ ಹೇಳಿದ ಮಾತು.

ಗೋವಾದಲ್ಲಿ ದೋಣಿ ನೀರಿಗಿಳಿದ ಮಾರನೆಯ ದಿನ ಹೊರಟೆವು: ಸಾಹುಕಾರರು, ಅಪರೂಪಕ್ಕೆ ದೋಣಿ ಹತ್ತುವ ವೈನಿ, ನಾನು. ಎಂಜಿನ್ ಹಚ್ಚಿಕೊಂಡು ನದಿಯ ಬಾಯಿ ದಾಟಿದೆವು. ಮುಳ್ಳುಗಳು ನಡುವೆ ನಿಂತಿದ್ದವು, ಒಮ್ಮೆ ನೋಡಿ ಹೆಮ್ಮೆಪಟ್ಟು ನೀರಿನ ಕಡೆ ತಿರುಗಿದೆ. ಸಾಹುಕಾರರು ಹಾಯಿ ಏರಿಸಿ ಎಂಜಿನ್ ಬಂದ್ ಮಾಡಿದರು.

ಆಗ ಆದದ್ದನ್ನು ಹೇಗೆ ಹೇಳಲಿ? ನನ್ನ ಇಡೀ ಜೀವನ ಎಂಜಿನ್ನುಗಳ ಸದ್ದಿನೊಳಗೆ ಕಳೆದಿತ್ತು. ಎಂಜಿನ್ ನಿಂತರೆ ಗಾಡಿ ನಿಲ್ಲುತ್ತದೆ, ಇದು ನನಗೆ ಗೊತ್ತಿದ್ದ ಲೋಕ. ಇಲ್ಲಿ ಎಂಜಿನ್ ನಿಂತಿತು, ದೋಣಿ ಮುಂದೆ ಹೋಯಿತು. ಒಂದು ಕಡೆ ವಾಲಿ, ನೀರನ್ನು ಸೀಳಿಕೊಂಡು, ಒಂದು ಹನಿ ಡೀಸೆಲ್ ಸುಡದೆ ಹೋಯಿತು. ನೆಲ ಕಾಣದ ಕಡೆಗೆ ತಿರುಗಿ ನೋಡಿದರೆ ನೀರು ಮುಗಿಯುವುದೇ ಇಲ್ಲ. ನನ್ನ ಕಣ್ಣಲ್ಲಿ ನೀರು ಬಂತು. ಉಪ್ಪುಗಾಳಿ ಎಂದು ವೈನಿಗೆ ಸುಳ್ಳು ಹೇಳಿದೆ. ಸಾಹುಕಾರರ ಮುಖ ನೋಡಿದರೆ ಕಿವಿ ಕೇಳದ ಮನುಷ್ಯ ಎನ್ನುವಂತಿರಲಿಲ್ಲ. ಗಾಳಿ ತಿರುಗುವ ಮೊದಲೇ ಕುತ್ತಿಗೆಯಲ್ಲೇ ಅದನ್ನು ತಿಳಿದುಕೊಂಡು ಚುಕ್ಕಾಣಿ ಸರಿಸುತ್ತಿದ್ದರು.

ಮುಕ್ಕಾಲು ಗಂಟೆಯ ಮೇಲೆ ಗಾಳಿ ಸೋತಿತು. ಎಂಜಿನ್ ಹಚ್ಚಿ ವಾಪಸಾಗುವುದೆಂದು ಸಾಹುಕಾರರು ಬಾಗಿ ಕೀಲಿ ಒಂದು ಸುತ್ತು ತಿರುಗಿಸಿದರು. ಅಂಥ ಡೀಸೆಲ್ ಎಂಜಿನ್ನನ್ನು ಕೂಡಲೇ ಸ್ಟಾರ್ಟ್ ಮಾಡುವುದಿಲ್ಲ, ಒಳಗೆ ಬೆಚ್ಚಗಾಗಲು ಹತ್ತು ಎಣಿಸುವಷ್ಟು ಹೊತ್ತು ಕಾಯಬೇಕು. ಕಾಯುತ್ತಿದ್ದರು. ನಾನು ಸುಮ್ಮನೆ ನನ್ನ ಕೈಕೆಲಸ ನೋಡಿದೆ. ಆಯಿಲ್ ಪ್ರೆಷರಿನ ಮುಳ್ಳು ನಡುವೆ ನೆಟ್ಟಗೆ ನಿಂತಿತ್ತು.

ಎಂಜಿನ್ ಇನ್ನೂ ತಿರುಗಿಯೇ ಇರಲಿಲ್ಲ. ಆಯಿಲ್ ಪ್ರೆಷರ್ ಎಂದರೆ ಎಂಜಿನ್ನಿಗೆ ರಕ್ತದೊತ್ತಡ ಇದ್ದಂತೆ, ಎಂಜಿನ್ ತಿರುಗಿದರಷ್ಟೇ ಅದು ಹುಟ್ಟುತ್ತದೆ. ಸತ್ತ ಮನುಷ್ಯನ ತೋಳಿಗೆ ಪಟ್ಟಿ ಕಟ್ಟಿದರೆ ಬಿ.ಪಿ. ಸರಿಯಾಗಿದೆ ಎಂದು ತೋರಿಸಿದಂತಿತ್ತು ನನ್ನ ಮೀಟರ್! ಹಾಗಾದರೆ ಬಿಸಿಯ ಮುಳ್ಳು? ಅದೂ ಸುಳ್ಳೇ.

“ಸ್ಟಾರ್ಟ್ ಮಾಡಬ್ಯಾಡ್ರಿ!” ಎಂದು ಕೂಗಿದೆ. ಅವರಿಗೆಲ್ಲಿ ಕೇಳಬೇಕು? ಕೀಲಿ ತಿರುಗಿಸಲು ಬೆರಳು ಬಿಗಿಯಾಗುತ್ತಿತ್ತು. ಹಾರಿ ಹೋಗಿ ಅವರ ಮುಂಗೈ ಹಿಡಿದುಬಿಟ್ಟೆ.

ವೈನಿ ಒಳಗಿನಿಂದ ಓಡಿ ಬಂದರು. “ಏನಾತ್ರಿ?”

“ನನ್ನ ತಪ್ಪಾಗೈತ್ರಿ ವೈನಿ. ಮೀಟರ್ ಸುಳ್ಳ ಹೇಳಾಕತ್ತಾವ. ಎರಡೂ.”

ಮೆಟ್ಟಿಲ ಕೆಳಗಿನ ಮುಚ್ಚಳ ತೆಗೆದು ಎಂಜಿನ್ನಿನ ಮೇಲೆ ಕೈ ಇಟ್ಟೆ. ಬಂದ್ ಮಾಡಿ ಅಷ್ಟು ಹೊತ್ತಾಗಿದ್ದರೂ ಕೈ ಸುಟ್ಟಿತು. ಎಂಜಿನ್ ತಣಿಸಲು ಸಮುದ್ರದ ನೀರು ಒಳಗೆಳೆಯುವ ಜಾಳಿಗೆಗೆ ಪಾಚಿ, ಪ್ಲಾಸ್ಟಿಕ್ ಮೆತ್ತಿಕೊಂಡಿತ್ತು. ಬರುವಾಗಲೇ ಎಂಜಿನ್ ಕಾದಿತ್ತು, ಮುಳ್ಳು ಮಾತ್ರ ಎಲ್ಲ ಕ್ಷೇಮ ಎನ್ನುತ್ತಿತ್ತು. ಇನ್ನೈದು ನಿಮಿಷ ಓಡಿದ್ದರೆ ಹಿಂದಿನ ವರ್ಷದ ಕಥೆಯೇ ಆಗುತ್ತಿತ್ತು. ಈ ಸಲ ಜೊತೆಗೆ ವೈನಿಯೂ ಇದ್ದರು.

ಎಲ್ಲವನ್ನೂ ಹೇಳಿದೆ, ಸಾಹುಕಾರರಿಗೆ ಅರ್ಥವಾಗಲೆಂದು ಕೈಸನ್ನೆ ಮಾಡಿ ಮತ್ತೆ ಹೇಳಿದೆ. “ಬಜರ್ ಆದ್ರೂ ಇತ್ತಲ್ರಿ?” ಎಂದರು ವೈನಿ.

“ತಗದೀನ್ರಿ. ಸಾಹುಕಾರ್ರಿಗೆ ಕೇಳಂಗಿಲ್ಲಂತ...”

“ಅವರಿಗೆ ಕೇಳಂಗಿಲ್ಲ. ನನಗ ಕಿವಿ ಇಲ್ಲೇನ್ರಿ?”

ನಲವತ್ತು ವರ್ಷದಲ್ಲಿ ನನ್ನನ್ನು ಇಷ್ಟು ಸರಿಯಾಗಿ ಯಾರೂ ಬೈದಿಲ್ಲ. ಆ ಮದುವೆಯ ಸೋದರಮಾವನೂ ಬೈದಿರಲಿಲ್ಲ.

ವೈನಿ ಬಾಗಿ ಕೀಲಿ ಕಿತ್ತುಕೊಂಡರು. ನೀರಿಗೆ ಬಿದ್ದರೆ ಮುಳುಗದಿರಲಿ ಎಂದು ಅದಕ್ಕೆ ಕಿತ್ತಳೆ ಬಣ್ಣದ ಬೂಚು ಕಟ್ಟಿತ್ತು. ಅದನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, “ಮುಗೀತು. ಸೋಮವಾರ ಆ ಮಂದೀನ್ನ ಕರಸ್ರಿ,” ಎಂದರು. ದೋಣಿ ಕೊಳ್ಳುವವರ ಮಾತು ಅದು. ಸಾಹುಕಾರರಿಗೆ ಕೇಳಿಸಲಿಲ್ಲ, ಆದರೆ ಕೀಲಿ ಹೋದದ್ದು ಕಂಡಿತ್ತು. ಅವರು ನನ್ನ ಮೇಲೆ ಸಿಟ್ಟಾಗಲಿಲ್ಲ. ಹಾಯಿಯ ಹಗ್ಗ ಹಿಡಿದರು.

ಇದ್ದ ಚೂರುಪಾರು ಗಾಳಿಯಲ್ಲೇ ಅವರು ದೋಣಿಯನ್ನು ವಾಪಸು ತಂದರು. ನನ್ನ ಕೆನ್ನೆಗೆ ಗೊತ್ತಾಗದ ಗಾಳಿ ಅವರ ಕುತ್ತಿಗೆಗೆ ಗೊತ್ತಾಗುತ್ತಿತ್ತು. ಒಂದೊಂದು ಉಸಿರು ಗಾಳಿಯನ್ನೂ ಹಿಡಿದು, ಬಂಡೆಗಳಿಂದ ಆಚೆ ಆಚೆ ಸರಿಸುತ್ತ, ನದಿಯ ಬಾಯಿಯ ಒಳಗೆ ತಂದು, ಜೆಟ್ಟಿಯ ಕಂಬಕ್ಕೆ ಹೂವಿನಂತೆ ತಾಕಿಸಿದರು. ಇಂಥ ಕೈಚಳಕ ನಾನು ಉಸ್ತಾದರನ್ನು ಬಿಟ್ಟರೆ ಇನ್ನೊಬ್ಬರಲ್ಲಿ ನೋಡಿಲ್ಲ. ವೈನಿಯೂ ಉದ್ದಕ್ಕೂ ಗಂಡನನ್ನೇ ನೋಡುತ್ತಿದ್ದರು. ಆದರೆ ಕೀಲಿ ಸೊಂಟದಲ್ಲೇ ಇತ್ತು.

ಆ ಸಂಜೆ ನನಗೆ ಊಟ ಸೇರಲಿಲ್ಲ. ಒಬ್ಬ ಮನುಷ್ಯನ ಸುಖ ಬೋಲ್ಟಿಗೆ ನಾನು ಕಟ್ಟಿದ ಒಂದು ಗಂಟಿನಿಂದ ಮಾರಾಟಕ್ಕೆ ಹೋಗುತ್ತಿತ್ತು. “ವೈನಿ, ನಾಳೆ ಮುಂಜಾನೆ ಒಂದು ತಾಸು ಕೊಡ್ರಿ. ಆಮ್ಯಾಲ ನಿಮ್ಮ ಮನಸಿಗೆ ಬಂದಂಗ ಮಾಡ್ರಿ,” ಎಂದು ಕೇಳಿಕೊಂಡೆ.

ಬೆಳಗ್ಗೆ ಟೆಸ್ಟ್ ಲ್ಯಾಂಪಿನ ಒಂದು ತುದಿ ಬ್ಯಾಟರಿಗೆ, ಇನ್ನೊಂದು ಆ ಹೊಳೆಯುವ ಬೋಲ್ಟಿಗೆ ಮುಟ್ಟಿಸಿದೆ. ಹತ್ತಲಿಲ್ಲ. ಹತ್ತುವುದಾದರೂ ಹೇಗೆ? ದೋಣಿಯ ಬಾಡಿ ಫೈಬರಿನದು, ಕರೆಂಟಿನ ಪಾಲಿಗೆ ಅದು ಕಲ್ಲಿನ ಗೋಡೆ. ವಾಪಸು ಹೋಗಲು ದಾರಿಯಿಲ್ಲದ ಕರೆಂಟು ಒಂದು ಮೀಟರಿನಿಂದ ಇನ್ನೊಂದಕ್ಕೆ ಅಲೆದಾಡಿ ಎರಡೂ ಮುಳ್ಳನ್ನು ನಡುವೆ ನಿಲ್ಲಿಸಿತ್ತು. ಗಂಟು ಬಿಚ್ಚಿದೆ. ಬೆರಳಷ್ಟು ದಪ್ಪದ ಹೊಸ ಕಪ್ಪು ವೈರನ್ನು ಎಂಜಿನ್ನಿನ ಬುಡದ ತನಕ ಎಳೆದು, ಬ್ಯಾಟರಿಯ ಮೈನಸ್ ಕೂಡುವ ಬೋಲ್ಟಿಗೇ ಕಟ್ಟಿದೆ. ಬಜರನ್ನು ಮೊದಲಿಗಿಂತ ಮೇಲೆ, ಕ್ಯಾಬಿನ್ನಿನೊಳಗೆ ವೈನಿ ಕೂರುವ ಜಾಗದ ತಲೆಯ ಮೇಲೆ ಹಾಕಿದೆ. ಆಮೇಲೆ ಪೆಟ್ಟಿಗೆಯಿಂದ ಉಸ್ತಾದರ ಕಿಟ್ಲಿ ತೆಗೆದೆ.

“ಇದರಾಗ ಚಾ ಮಾಡ್ತೀರೇನ?” ಎಂದರು ವೈನಿ ಮೂಗು ಮುರಿದು.

“ಇಲ್ರಿ. ನೀವು ಇಲ್ಲಿ ಕುಂದರ್ರಿ. ನೀರ ಕುದಿಯೂ ತನಕ ಆ ಮುಳ್ಳ ನೋಡ್ರಿ. ಮಾತಾಡಬಾರದ್ರಿ.”

ಸೆನ್ಸರ್ ಬಿಚ್ಚಿ, ಒಂದು ತುಂಡು ವೈರಿನಿಂದ ಅದರ ಮೈಯನ್ನು ಎಂಜಿನ್ನಿಗೆ ಕೂಡಿಸಿ, ದೋಣಿಯ ಸಣ್ಣ ಒಲೆಯ ಮೇಲೆ ಕಿಟ್ಲಿಯೊಳಗೆ ಇಳಿಬಿಟ್ಟೆ. ಕೀಲಿ ಬೇಕಿತ್ತು. ವೈನಿ ನನ್ನ ಕೈಗೆ ಕೊಡಲಿಲ್ಲ, ತಾವೇ ಹಾಕಿ ಒಂದು ಸುತ್ತು ತಿರುಗಿಸಿದರು. ಮೂವರೂ ಕೂತೆವು. ಬಿಸಿಯ ಮುಳ್ಳು ತಳದಲ್ಲಿ ಮಲಗಿತ್ತು. ನೀರು ಬೆಚ್ಚಗಾಯಿತು. ಗುಳ್ಳೆ ಎದ್ದವು. ಮುಳ್ಳು ಕೂದಲೆಳೆಯಷ್ಟು ಸರಿಯಿತು. ವೈನಿ ಮುಂದಕ್ಕೆ ಬಾಗಿದರು. ಅದು ಏರಿತು, ತಡೆಯಿತು, ಮತ್ತೆ ಏರಿತು, ಕಿಟ್ಲಿಯ ಮುಚ್ಚಳ ಕುಣಿಯುವ ಹೊತ್ತಿಗೆ ಕೆಂಪು ಗೆರೆಯ ಹತ್ತಿರ ಬಂದು ನಿಂತಿತು. ತಣ್ಣೀರು ಸುರಿದೆ, ಮೆಲ್ಲಗೆ ಇಳಿಯಿತು. ವೈನಿಯ ಮುಖದಲ್ಲಿ ನಾನು ಕಂಡದ್ದು ಉಸ್ತಾದರ ಶೆಡ್ಡಿನಲ್ಲಿ ಮೊದಲ ದಿನ ಕೂತಿದ್ದ ನನ್ನ ಮುಖವನ್ನೇ.

“ಇನ್ನೊಂದು ಸೊನ್ನಿ ಮ್ಯಾಲ ಐತಲ್ರಿ,” ಎಂದರು, ಆಯಿಲಿನ ಮೀಟರಿಗೆ ಬೆರಳು ಮಾಡಿ. “ಖರೇನೋ ಸುಳ್ಳೋ?”

“ನಿಂತ ಎಂಜಿನ್ನಿಗೆ ಸೊನ್ನಿನ ಖರೇರಿ.”

ಸೆನ್ಸರನ್ನು ವಾಪಸು ಕೂರಿಸಿ, ಎಂಜಿನ್ನಿನಿಂದ ಚೆಲ್ಲಿದಷ್ಟು ನೀರು ತುಂಬಿ, ಜಾಳಿಗೆ ತೊಳೆದು, ಸರಿದು ನಿಂತೆ. ವೈನಿ ಕೀಲಿ ಹಿಡಿದು ಬಾಯಲ್ಲೇ ಹತ್ತು ಎಣಿಸಿ, ಪೂರ್ತಿ ತಿರುಗಿಸಿದರು. ಎಂಜಿನ್ ಹತ್ತಿತು. ಆಯಿಲಿನ ಮುಳ್ಳು ಸೊನ್ನೆಯಿಂದ ಎದ್ದು, ಮೇಲೆ ಹೋಗಿ, ಸಣ್ಣಗೆ ನಡುಗುತ್ತ ನಿಂತಿತು. ಜೀವ ಇರುವ ಮುಳ್ಳು ಹಾಗೇ ನಡುಗುತ್ತದೆ.

ಸಾಹುಕಾರರು ಚುಕ್ಕಾಣಿಯ ಹತ್ತಿರ ಕೂತು ಮುಳ್ಳು ನೋಡಿದರು, ಹೆಂಡತಿಯನ್ನು ನೋಡಿದರು. ಜೆಟ್ಟಿಗೆಲ್ಲ ಕೇಳುವಂತೆ, “ಏನ್ ಮಾಡೂಣು? ಮಾರೂಣೇನ?” ಎಂದು ಕೇಳಿದರು.

ವೈನಿ ಎಂಜಿನ್ ಬಂದ್ ಮಾಡಲಿಲ್ಲ. ಕೀಲಿಯನ್ನು ಇದ್ದಲ್ಲೇ ಬಿಟ್ಟು, ಸೆರಗು ಸಿಕ್ಕಿಸಿಕೊಂಡು ಮುಂದೆ ಹೋಗಿ, ಜೆಟ್ಟಿಗೆ ಕಟ್ಟಿದ ಹಗ್ಗ ಬಿಚ್ಚಿದರು. ನನ್ನ ಕಡೆ ತಿರುಗಿ, “ನೀವು ಇಳೀತೀರೋ ಬರ್ತೀರೋ?” ಎಂದರು.

ನಾನು ಇಳಿಯಲಿಲ್ಲ. ನದಿಯ ಬಾಯಿ ದಾಟಿದೆವು, ಎದುರಿಗೆ ಅಷ್ಟು ದೊಡ್ಡ ಸಮುದ್ರ ತೆರೆದುಕೊಂಡಿತು. ಹಾಯಿ ಏರಿಸಿ ಎಂಜಿನ್ ಬಂದ್ ಮಾಡುವ ತನಕ ನಾನು ಅದರ ಕಡೆ ಒಮ್ಮೆಯೂ ನೋಡಲಿಲ್ಲ. ಮುಳ್ಳು ನೋಡುತ್ತ ಕೂತಿದ್ದೆ.